‘ದುರಸ್ತಿಗಾಗಿ ಕಾಯುತ್ತಿದೆ’ ಎಂಬ ಸುಳ್ಳು

ಬ್ರಿಟನ್ನಿನಲ್ಲಿ ಬಹುಮಟ್ಟಿಗೆ ಸ್ವಯಂಸೇವಕರೇ ನಡೆಸುವ ಪಾರಂಪರಿಕ ರೈಲುಮಾರ್ಗಗಳು ನೂರಕ್ಕೂ ಹೆಚ್ಚಿವೆ. ಅವುಗಳಲ್ಲಿ ಯಾವುದಕ್ಕೇ ಹೋದರೂ ಮೊದಲು ಕಾಣುವುದು ಹಿತ್ತಾಳೆ ಹೊಳೆಯುವ ಇಂಜಿನ್ನು, ಹಳೆಯ ಕಾಲದ ಟಿಕೆಟ್ ಕೌಂಟರು, ಚಹಾದಂಗಡಿ, ಮಕ್ಕಳ ಕೇಕೆ. ಇವನ್ನೆಲ್ಲ ದಾಟಿ ಶೆಡ್ಡಿನ ಹಿಂಬದಿಗೆ ನಡೆದರೆ ಬೇರೆಯದೇ ಸಾಲೊಂದು ಕಾಣುತ್ತದೆ. ಹುಲ್ಲು ಬೆಳೆದ ಹಳಿಯ ಮೇಲೆ, ಚಿಮಣಿಯ ಬಾಯಿಗೆ ತಗಡು ಮುಚ್ಚಿಸಿಕೊಂಡು, ಹರಿದ ಟಾರ್ಪಾಲು ಹೊದ್ದುಕೊಂಡು ನಿಂತ ಪುಟ್ಟ ಉಗಿ ಇಂಜಿನ್ನುಗಳು. ಒಂದಕ್ಕೆ ಬಾಯ್ಲರ್ ಇಲ್ಲ, ಇನ್ನೊಂದಕ್ಕೆ ಚಕ್ರಗಳನ್ನು ಜೋಡಿಸುವ ಸಲಾಕೆಗಳಿಲ್ಲ. ಪಕ್ಕದಲ್ಲೊಂದು ಬೋರ್ಡು: ‘ದುರಸ್ತಿಗಾಗಿ ಕಾಯುತ್ತಿದೆ’.

ಈ ಬೋರ್ಡು ಹೇಳುತ್ತಿರುವುದು ಬಹುಪಾಲು ಸುಳ್ಳು ಎಂಬುದು ನನ್ನ ವಾದ. ಬರೆದವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಆದರೆ ಒಳ್ಳೆಯವರು ಒಳ್ಳೆಯ ಮನಸ್ಸಿನಿಂದ ಹೇಳುವ ಸುಳ್ಳೂ ಹಾನಿ ಮಾಡುತ್ತದೆ. ಇಲ್ಲಿ ಹಾನಿಯಾಗುತ್ತಿರುವುದು ಕೆಲವು ಟನ್ ಕಬ್ಬಿಣಕ್ಕೆ ಮಾತ್ರವೂ ಅಲ್ಲ. ಒಂದು ವರ್ಗದ ಜನ ನೂರೈವತ್ತು ವರ್ಷ ಮಾಡಿದ ಕೆಲಸದ ಕೊನೆಯ ಸಾಕ್ಷ್ಯ ಮಳೆಯಲ್ಲಿ ಕರಗುತ್ತಿದೆ.

ಆ ಸಾಲಿನಲ್ಲಿ ನಿಂತವು ಯಾವುವು ಎಂದು ಮೊದಲು ನೋಡಬೇಕು. ಅವುಗಳಲ್ಲಿ ಹೆಚ್ಚಿನವು ಪ್ರಯಾಣಿಕರನ್ನು ಎಳೆದವಲ್ಲ. ಕಲ್ಲಿದ್ದಲ ಗಣಿ, ಉಕ್ಕಿನ ಕಾರ್ಖಾನೆ, ಬಂದರು, ಸ್ಲೇಟು ಕಲ್ಲಿನ ಕ್ವಾರಿ, ಸಕ್ಕರೆ ಕಾರ್ಖಾನೆ, ಗ್ಯಾಸ್ ತಯಾರಿಸುವ ಸ್ಥಾವರ, ಇವುಗಳ ಕಾಂಪೌಂಡಿನೊಳಗೆ ದುಡಿದವು. ಲೀಡ್ಸ್‌ನ ಹನ್‌ಸ್ಲೆಟ್, ಹಡ್ಸ್‌ವೆಲ್ ಕ್ಲಾರ್ಕ್, ಮ್ಯಾನಿಂಗ್ ವಾರ್ಡಲ್, ಬ್ರಿಸ್ಟಲ್‌ನ ಪೆಕೆಟ್, ಸ್ಟಾಫರ್ಡ್‌ನ ಬ್ಯಾಗ್ನಲ್, ಸ್ಕಾಟ್ಲೆಂಡಿನ ಕಿಲ್ಮಾರ್ನಕ್‌ನ ಆಂಡ್ರ್ಯೂ ಬಾರ್ಕ್ಲೇ ಮುಂತಾದ ಕಂಪನಿಗಳು ಇವನ್ನು ತಯಾರಿಸಿ ಮಾರಿದವು. ಕಾರ್ಖಾನೆಯ ಹಳಿಗಳಿಗೆ ತಿರುವು ಜಾಸ್ತಿ, ಜಾಗ ಕಡಿಮೆ. ಹಾಗಾಗಿ ಚಕ್ರಗಳು ನಾಲ್ಕೋ ಆರೋ ಅಷ್ಟೆ, ಅವೂ ಒಂದಕ್ಕೊಂದು ಹತ್ತಿರ. ನೀರಿನ ಟ್ಯಾಂಕನ್ನು ಕುದುರೆಯ ಬೆನ್ನಿನ ಮೇಲಿನ ಜೀನಿನ ಹಾಗೆ ಬಾಯ್ಲರ್ ಮೇಲೆಯೇ ಕೂರಿಸುತ್ತಿದ್ದರು. ಭಾರವೆಲ್ಲ ಚಕ್ರದ ಮೇಲೆ ಬಿದ್ದು ಹಿಡಿತ ಸಿಗಲಿ ಎಂಬುದು ಲೆಕ್ಕ. ವೇಗ ಯಾರಿಗೂ ಬೇಕಿರಲಿಲ್ಲ. ಇಡೀ ದಿನ ವ್ಯಾಗನ್ನುಗಳನ್ನು ಹಿಂದೆ ಮುಂದೆ ತಳ್ಳುತ್ತಿದ್ದರೆ ಸಾಕು.

ಇವುಗಳನ್ನು ಚರಿತ್ರೆಯಿಂದ ಹೇಗೆ ಹೊರಗಿಡಲಾಗಿದೆ ಎಂಬುದಕ್ಕೆ ಒಂದೇ ಉದಾಹರಣೆ ಸಾಕು. ಬ್ರಿಟನ್ನಿನ ‘ಕೊನೆಯ’ ಉಗಿ ಇಂಜಿನ್ ಯಾವುದು ಎಂದು ರೈಲು ಪ್ರೇಮಿಯನ್ನು ಕೇಳಿದರೆ 1960ರಲ್ಲಿ ಸ್ವಿಂಡನ್ ಕಾರ್ಯಾಗಾರದಿಂದ ಹೊರಬಂದ ‘ಈವ್ನಿಂಗ್ ಸ್ಟಾರ್’ ಎನ್ನುವ ಉತ್ತರ ಬರುವ ಸಂಭವವೇ ಹೆಚ್ಚು. ಸರ್ಕಾರಿ ರೈಲ್ವೆಗಾಗಿ ತಯಾರಾದದ್ದರಲ್ಲಿ ಅದು ಕೊನೆಯದು, ನಿಜ. ಆದರೆ ಅದಾಗಿ ನಾಲ್ಕು ವರ್ಷದ ಮೇಲೆ, 1964ರಲ್ಲಿ, ಹನ್‌ಸ್ಲೆಟ್ ಕಂಪನಿ ರಾಷ್ಟ್ರೀಯ ಕಲ್ಲಿದ್ದಲು ಮಂಡಳಿಗಾಗಿ ಹೊಸ ಉಗಿ ಇಂಜಿನ್ನುಗಳನ್ನು ಕಟ್ಟಿ ಕಳಿಸಿತ್ತು. ಸರ್ಕಾರಿ ರೈಲ್ವೆಯ ಮುಖ್ಯ ಮಾರ್ಗಗಳಲ್ಲಿ ಉಗಿಯ ಯುಗ ಮುಗಿದದ್ದು 1968ರ ಆಗಸ್ಟ್‌ನಲ್ಲಿ. ಗಣಿಗಳಲ್ಲಿ ಅದು 1980ರ ದಶಕದವರೆಗೂ ಉಸಿರಾಡುತ್ತಿತ್ತು. ಅಂದರೆ ಪುಸ್ತಕಗಳಲ್ಲಿ ‘ಉಗಿಯ ಅಂತ್ಯ’ ಎಂದು ಬರೆದ ದಿನದ ಮರುದಿನವೂ ಗಣಿಯ ಫೈರ್‌ಮನ್ ಬೆಳಗಿನ ಜಾವ ಎದ್ದು ಹೋಗಿ ಬೆಂಕಿ ಹಾಕಿದ್ದಾನೆ. ಅವನ ಕೆಲಸ ಯಾರ ಲೆಕ್ಕಕ್ಕೂ ಬರಲಿಲ್ಲ.

ಪಾರಂಪರಿಕ ರೈಲು ಚಳವಳಿ ಹುಟ್ಟಿದ್ದೇ ಈ ಕೈಗಾರಿಕಾ ಹಳಿಗಳ ಮೇಲೆ ಎಂಬುದನ್ನು ನೆನೆದರೆ ವಿಷಯ ಇನ್ನೂ ಕಹಿಯಾಗುತ್ತದೆ. 1951ರಲ್ಲಿ ವೇಲ್ಸ್‌ನಲ್ಲಿ ಸ್ವಯಂಸೇವಕರು ಉಳಿಸಿಕೊಂಡ ಟಾಲಿಥ್ಲಿನ್ ರೈಲ್ವೆ, ಜಗತ್ತಿನಲ್ಲೇ ಹಾಗೆ ಉಳಿದುಕೊಂಡ ಮೊದಲ ರೈಲ್ವೆ. ಅದನ್ನು ಹಾಕಿದ್ದು ಕ್ವಾರಿಯ ಸ್ಲೇಟು ಸಾಗಿಸಲು. ಲೀಡ್ಸ್‌ನ ಮಿಡಲ್ಟನ್ ರೈಲ್ವೆ ಕಲ್ಲಿದ್ದಲ ಮಾರ್ಗ. ಅದಕ್ಕೆ 1758ರಲ್ಲೇ ಸಂಸತ್ತಿನ ಕಾಯಿದೆಯ ಒಪ್ಪಿಗೆಯಿತ್ತು. ಮ್ಯಾಥ್ಯೂ ಮರ್ರೆ ಕಟ್ಟಿದ ಹಲ್ಲುಗಾಲಿಯ ಉಗಿ ಇಂಜಿನ್ನು 1812ರಲ್ಲಿ ಓಡಿದ್ದು ಅಲ್ಲಿಯೇ. ಸ್ಟೀಫನ್‌ಸನ್ನರ ‘ರಾಕೆಟ್’ ಬರಲು ಇನ್ನೂ ಹದಿನೇಳು ವರ್ಷ ಬಾಕಿಯಿತ್ತು. 1960ರಲ್ಲಿ ಆ ಮಾರ್ಗವನ್ನು ಉಳಿಸಲು ಮುಂದೆ ಬಂದವರಲ್ಲಿ ಲೀಡ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿದ್ದರು. ಪ್ರಮಾಣಿತ ಅಗಲದ ಹಳಿಯ ಮೇಲೆ ಸ್ವಯಂಸೇವಕರು ರೈಲು ಓಡಿಸಿದ್ದು ಅದೇ ಮೊದಲು. ಆರಂಭದ ಆ ವರ್ಷಗಳಲ್ಲಿ ಗಣಿ, ಕಾರ್ಖಾನೆಗಳಿಂದ ಅಗ್ಗಕ್ಕೆ ಬಂದ ಪುಟ್ಟ ಇಂಜಿನ್ನುಗಳು ಎಷ್ಟೋ ಮಾರ್ಗಗಳನ್ನು ಬದುಕಿಸಿದವು. ಹಳಿ ಹಾಸಲು, ಜಲ್ಲಿ ಸಾಗಿಸಲು, ಎರಡು ಬೋಗಿ ಎಳೆಯಲು ಅವೇ ಗತಿ.

ಆಮೇಲೆ ಬ್ಯಾರಿ ಬಂತು. ದಕ್ಷಿಣ ವೇಲ್ಸ್‌ನ ಬ್ಯಾರಿ ಎಂಬ ಬಂದರು ಊರಿನಲ್ಲಿ ಡೈ ವುಡಮ್ ಎಂಬ ಗುಜರಿ ವ್ಯಾಪಾರಿ ಸರ್ಕಾರಿ ರೈಲ್ವೆಯಿಂದ 297 ಇಂಜಿನ್ನುಗಳನ್ನು ಕೊಂಡಿದ್ದ. ಕತ್ತರಿಸಲು ವ್ಯಾಗನ್ನುಗಳೇ ಸಾಕಷ್ಟಿದ್ದುದರಿಂದ ಇಂಜಿನ್ನುಗಳು ಹಾಗೇ ಉಳಿದವು. 1968ರಿಂದ 1990ರವರೆಗೆ ಅವುಗಳಲ್ಲಿ 213 ಇಂಜಿನ್ನುಗಳನ್ನು ಪ್ರೇಮಿಗಳು ಹಣ ಕೂಡಿಸಿ ಬಿಡಿಸಿಕೊಂಡರು. ಅದು ನಿಜಕ್ಕೂ ದೊಡ್ಡ ಸಾಹಸ. ಆದರೆ ಆ ದೊಡ್ಡ ಇಂಜಿನ್ನುಗಳು ದುರಸ್ತಿಯಾಗಿ ಬರುತ್ತಿದ್ದಂತೆ ರೈಲುಗಳು ಉದ್ದವಾದವು, ಮಾರ್ಗಗಳೂ ಉದ್ದವಾದವು. ಮನೆ ಕಟ್ಟುವಾಗ ಕಲ್ಲು ಹೊತ್ತವನಿಗೆ ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ ಎಲೆ ಇಲ್ಲ ಎನ್ನುವ ಹಾಗೆ ಪುಟ್ಟ ಇಂಜಿನ್ನುಗಳು ಶೆಡ್ಡಿನ ಹಿಂದಕ್ಕೆ ಸರಿದವು.

ಈಗ ಬೋರ್ಡಿನ ಸುಳ್ಳಿಗೆ ಬರುತ್ತೇನೆ. ಅದು ಸುಳ್ಳೆಂದು ತೋರಿಸಲು ಸರಳ ಗಣಿತವೇ ಸಾಕು. ಬ್ರಿಟನ್ನಿನಲ್ಲಿ ಉಗಿ ಇಂಜಿನ್ನಿನ ಬಾಯ್ಲರನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು. ಸಾಮಾನ್ಯವಾಗಿ ಹತ್ತು ವರ್ಷಕ್ಕೊಮ್ಮೆ ಅದನ್ನು ಚೌಕಟ್ಟಿನಿಂದ ಎತ್ತಿ ಕೆಳಗಿಳಿಸಿ, ಒಳಗಿನ ಕೊಳವೆಗಳನ್ನೆಲ್ಲ ತೆಗೆದು, ಫೈರ್‌ಬಾಕ್ಸಿನ ತಗಡು ಎಷ್ಟು ತೆಳುವಾಗಿದೆ ಎಂದು ಅಳೆದು, ಸವೆದದ್ದನ್ನು ಬದಲಾಯಿಸಬೇಕು. ಸಣ್ಣ ಇಂಜಿನ್ನಿನ ಪೂರ್ತಿ ದುರಸ್ತಿಯ ಖರ್ಚೂ ಲಕ್ಷ ಪೌಂಡು ದಾಟುವುದು ಸಾಮಾನ್ಯ. ಈಗ ಒಂದು ಮಾರ್ಗದಲ್ಲಿ ಐದು ಇಂಜಿನ್ನುಗಳು ಓಡುತ್ತಿವೆ, ಅಲ್ಲಿನ ಕಾರ್ಯಾಗಾರ ಎರಡು ವರ್ಷಕ್ಕೊಂದು ಇಂಜಿನ್ ಮುಗಿಸುತ್ತದೆ ಎಂದಿಟ್ಟುಕೊಳ್ಳೋಣ. ಹತ್ತು ವರ್ಷಕ್ಕೆ ಐದಾಯಿತು. ಅಷ್ಟರಲ್ಲಿ ಮೊದಲು ದುರಸ್ತಿಯಾದದ್ದರ ಹತ್ತು ವರ್ಷ ತುಂಬಿ ಅದೇ ಮತ್ತೆ ಬಾಗಿಲಿಗೆ ಬಂದು ನಿಂತಿರುತ್ತದೆ. ಐದು ಇಂಜಿನ್ನುಗಳು ಸುತ್ತುತ್ತಲೇ ಇರುತ್ತವೆ, ಆರನೆಯದಕ್ಕೆ ಸರದಿ ಬರುವುದೇ ಇಲ್ಲ. ಹಾಗಿದ್ದರೆ ಹನ್ನೆರಡನೆಯದರ ಮುಂದೆ ‘ಕಾಯುತ್ತಿದೆ’ ಎಂದು ಬೋರ್ಡು ಹಾಕುವುದಕ್ಕೆ ಏನರ್ಥ? ಮುಂದೆ ಸರಿಯದ ಸಾಲನ್ನು ಸರದಿ ಎಂದು ಕರೆಯುವುದು ಹೇಗೆ?

ಹಣವಿಲ್ಲ ಎಂಬ ಉತ್ತರ ಬರುತ್ತದೆ. ಅದು ಅರ್ಧ ಸತ್ಯ. 1923ರಲ್ಲಿ ತಯಾರಾದ ‘ಫ್ಲೈಯಿಂಗ್ ಸ್ಕಾಟ್ಸ್‌ಮನ್’ ಇಂಜಿನ್ನನ್ನು 2016ರಲ್ಲಿ ಮತ್ತೆ ಹಳಿಗೆ ತರುವ ಹೊತ್ತಿಗೆ ದುರಸ್ತಿಗೆ ಖರ್ಚಾದದ್ದು ಸುಮಾರು 42 ಲಕ್ಷ ಪೌಂಡು. ಗುಜರಿಗೆ ಹೋಗಿ ಒಂದೂ ಉಳಿಯದ ಎಕ್ಸ್‌ಪ್ರೆಸ್ ಇಂಜಿನ್ ಬಗೆಯೊಂದನ್ನು ಸೊನ್ನೆಯಿಂದ ಕಟ್ಟಲು ಜನ ಸುಮಾರು 30 ಲಕ್ಷ ಪೌಂಡು ಕೂಡಿಸಿದರು. 2008ರಲ್ಲಿ ಅದು ‘ಟೊರ್ನೇಡೊ’ ಎಂಬ ಹೆಸರಿನಲ್ಲಿ ಓಡಿತು. ಇಲ್ಲದ ಎಕ್ಸ್‌ಪ್ರೆಸ್ ಇಂಜಿನ್ನನ್ನು ಹುಟ್ಟಿಸಲು ಹಣವಿದೆ, ಇರುವ ಗಣಿ ಇಂಜಿನ್ನಿನ ಮೇಲೆ ಒಂದು ತಗಡಿನ ಸೂರು ಹಾಕಲು ಹಣವಿಲ್ಲ. ಇದನ್ನು ಬಡತನ ಎನ್ನಲಾಗದು. ಇದು ಆಯ್ಕೆ. ಯಾರ ಬಾಲ್ಯ ನೆನಪಿಗೆ ಯೋಗ್ಯ, ಯಾರ ದುಡಿಮೆ ಅಯೋಗ್ಯ ಎಂಬ ಆಯ್ಕೆ. ಪ್ಲಾಟ್‌ಫಾರ್ಮಿನ ಮೇಲೆ ನಿಂತು ಕೈಬೀಸಿದವನು ರೈಲಿನ ಚರಿತ್ರೆ ಬರೆದ. ಕಾಂಪೌಂಡಿನೊಳಗೆ ಮಸಿ ಮೆತ್ತಿಕೊಂಡವನಿಗೆ ಬರೆಯಲು ಬಿಡುವಿರಲಿಲ್ಲ.

ಕಾರ್ಮಿಕ ಚರಿತ್ರೆಯಲ್ಲಿ ಪಿಎಚ್.ಡಿ. ಮಾಡುತ್ತಿರುವ ನಾನು ಪತ್ರಾಗಾರದ ಕೆಲಸಕ್ಕೆಂದು ಕೆಲವು ತಿಂಗಳು ಉತ್ತರ ಇಂಗ್ಲೆಂಡಿನಲ್ಲಿದ್ದೆ. ವಾರದ ರಜೆಯಲ್ಲಿ ಈ ಶೆಡ್ಡುಗಳನ್ನು ಸುತ್ತುತ್ತಿದ್ದೆ. ಒಂದು ಕಡೆ ಹಿರಿಯ ಸ್ವಯಂಸೇವಕರೊಬ್ಬರು ತುಕ್ಕು ಹಿಡಿದ ಇಂಜಿನ್ನೊಂದರ ಮುಂದೆ ನಿಂತು ಅದರ ಕಾರ್ಖಾನೆ ಸಂಖ್ಯೆ, ಸಿಲಿಂಡರಿನ ಅಳತೆ, ಯಾವ ಯಾವ ಗಣಿಯಲ್ಲಿ ಎಷ್ಟೆಷ್ಟು ವರ್ಷ ಇತ್ತು ಎಂಬುದನ್ನೆಲ್ಲ ಕಾಗದ ನೋಡದೆ ಹೇಳಿದರು. ಅವರ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ‘ಇದನ್ನು ಓಡಿಸುತ್ತಿದ್ದವರು ಯಾರು ಸಾರ್?’ ಎಂದು ಕೇಳಿದೆ. ಅವರು ನನ್ನನ್ನೊಮ್ಮೆ, ಇಂಜಿನ್ನನ್ನೊಮ್ಮೆ ನೋಡಿ, ಅದನ್ನು ಯಾರೂ ಬರೆದಿಟ್ಟಿಲ್ಲ ಎಂದರು. ಗಣಿ ಅಲ್ಲಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಅಲ್ಲಿ ದುಡಿದವರಲ್ಲಿ ಕೆಲವರಾದರೂ ಇನ್ನೂ ಬದುಕಿರಬಹುದು. ಅಷ್ಟು ವರ್ಷಗಳಲ್ಲಿ ಯಾರೂ ಹೋಗಿ ಕೇಳಿರಲಿಲ್ಲ.

ಇನ್ನು ಓಡುವ ಭಾಗ್ಯ ಸಿಕ್ಕ ಕೈಗಾರಿಕಾ ಇಂಜಿನ್ನುಗಳ ಕತೆಯೇನು? ಎರಡನೆಯ ಮಹಾಯುದ್ಧದ ಸೇನೆಗಾಗಿ 1943ರಿಂದ ತಯಾರಾಗಿ, ನಂತರ ಗಣಿಗಳನ್ನು ಸೇರಿದ ‘ಆಸ್ಟೆರಿಟಿ’ ಎಂಬ ಬಗೆಯ ಇಂಜಿನ್ನುಗಳು ಒಟ್ಟು 485. ಅವುಗಳಲ್ಲಿ ಸುಮಾರು ಎಪ್ಪತ್ತು ಉಳಿದಿವೆ. ಗಟ್ಟಿಮುಟ್ಟಾದ್ದರಿಂದ ಕೆಲವು ಇಂದಿಗೂ ಓಡುತ್ತವೆ. ಆದರೆ ಎಷ್ಟೋ ಸಲ ಹೇಗೆ? ಸರ್ಕಾರಿ ರೈಲ್ವೆಯ ಬಣ್ಣ ಬಳಿದು, ಅದಕ್ಕೆಂದೂ ಇಲ್ಲದ ಸರ್ಕಾರಿ ಸಂಖ್ಯೆ ಬರೆದು. ಇಲ್ಲವೇ ಜೀನಿನಂಥ ಟ್ಯಾಂಕನ್ನು ಕಳಚಿ, ಎರಡೂ ಬದಿಗೆ ಚೌಕ ಟ್ಯಾಂಕು ಕೂರಿಸಿ, ನೀಲಿ ಬಣ್ಣ ಬಳಿದು, ಮುಂದೆ ನಗುಮುಖವೊಂದನ್ನು ಅಂಟಿಸಿ ‘ಥಾಮಸ್’ ಮಾಡಿ. ಪೀಟರ್‌ಬರೊದ ಸಕ್ಕರೆ ಕಾರ್ಖಾನೆಯಲ್ಲಿ ದುಡಿದ, 1947ರ ನೀಲಿ ಇಂಜಿನ್ನೊಂದಕ್ಕೆ ಥಾಮಸ್ ಎಂದು 1971ರಲ್ಲಿ ಹೆಸರಿಟ್ಟವರು ಆ ಕತೆಗಳನ್ನು ಬರೆದ ಪಾದ್ರಿ ಆಡ್ರಿ ಅವರೇ. ಅದು ಒಂದು ಬಗೆಯ ವಾತ್ಸಲ್ಯ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಕಾರ್ಮಿಕನೊಬ್ಬ ಸಭೆಗೆ ಬರಬೇಕಾದರೆ ಜೋಕರ್ ವೇಷ ಹಾಕಿಯೇ ಬರಬೇಕು ಎನ್ನುವುದು ನಿಯಮವಾಗಿಬಿಟ್ಟರೆ, ಅದನ್ನು ಗೌರವ ಎಂದು ಕರೆಯಲು ನಾನು ಸಿದ್ಧನಿಲ್ಲ.

ಸಮಸ್ಯೆಯ ಬೇರು ಇನ್ನೂ ಆಳದಲ್ಲಿದೆ. ‘ಉಗಿ ಏಳದ ಇಂಜಿನ್ ಸತ್ತ ಇಂಜಿನ್’ ಎಂಬ ನಂಬಿಕೆ ಈ ಲೋಕದಲ್ಲಿ ವೇದವಾಕ್ಯ. ಇಲ್ಲಿ ಕನ್ನಡ ಎಂ.ಎ. ಓದಿದ ಗೆಳೆಯ ಗೆಳತಿಯರಿಗೆ ಒಂದು ವಿಷಯ ನೆನಪಿಸಬೇಕು. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ನಾವು ಪರೀಕ್ಷೆಗೆಂದು ಓದಿ ಮರೆತಿರುತ್ತೇವೆ. ಆದರೆ ಗ್ರಂಥಸಂಪಾದನೆಯ ಶಿಸ್ತು ಕಲಿಸುವುದು ಇದೇ ವಿವೇಕವನ್ನು. ಹುಳು ತಿಂದ ಓಲೆಗರಿಯ ಮೇಲೆ ನಮಗೆ ತೋಚಿದ ಅಕ್ಷರ ಕೊರೆದು ತುಂಬಿಸಬಾರದು. ಊಹಿಸಿದ ಪಾಠ ಊಹೆ ಎಂದೇ ಕಾಣುವಂತಿರಬೇಕು. ಪಾಠಾಂತರಗಳು ಅಡಿಟಿಪ್ಪಣಿಯಲ್ಲಿ ಉಳಿಯಬೇಕು. ಲಿಪಿಕಾರನ ತಪ್ಪು ಕೂಡ ಒಂದು ಮಾಹಿತಿ.

ಕೈಗಾರಿಕಾ ಇಂಜಿನ್ನಿನ ಮೈಯೂ ಅಂಥದೇ ಓಲೆಗರಿ. ತಗ್ಗು ಸೇತುವೆಯ ಕೆಳಗೆ ನುಸುಳಲೆಂದು ಕತ್ತರಿಸಿದ ಮಾಡು, ಗಣಿಯ ಕಮ್ಮಾರ ಹಾಕಿದ ಒರಟು ತೇಪೆ, ಇನ್ಯಾವುದೋ ಇಂಜಿನ್ನಿನಿಂದ ಕಿತ್ತು ತಂದ ಗುಮ್ಮಟ, ಡ್ರೈವರನ ಕೈ ತಾಗಿ ತಾಗಿ ಸವೆದ ಹಿಡಿಕೆ. ಇವೆಲ್ಲ ಪಾಠಾಂತರಗಳು. ಓಡಿಸುವ ದುರಸ್ತಿ ಇವನ್ನು ಉಳಿಸುವುದು ಕಷ್ಟ. ಸುರಕ್ಷತೆಗಾಗಿ ಹೊಸ ತಗಡು, ಹೊಸ ಕೊಳವೆ, ಹೊಸ ಮೊಳೆ ಬರಲೇಬೇಕು. ಬಂದ ಮೇಲೆ ಒಳ್ಳೆಯ ಬಣ್ಣ ಬೇರೆ. ಕೊನೆಗೆ ಉಳಿಯುವುದು ಇಂದಿನ ಕಾರ್ಯಾಗಾರ ಬರೆದ ಶುದ್ಧಪ್ರತಿ. ಮೂಲ ಗುಜರಿಗೆ ಹೋಗಿರುತ್ತದೆ.

ಬ್ರಿಟನ್ನಿಗೆ ಇದು ಗೊತ್ತಿಲ್ಲವೆಂದಲ್ಲ. 1829ರ ‘ರಾಕೆಟ್’ ಇಂದಿಗೂ ಉಳಿದಿದೆ, ಆದರೆ ಸ್ಪರ್ಧೆಯಲ್ಲಿ ಗೆದ್ದ ದಿನದ ರೂಪದಲ್ಲಲ್ಲ. ದುಡಿಯುವಾಗ ಅದನ್ನು ಹಲವು ಸಲ ಬದಲಿಸಿದ್ದರು. ಕೊನೆಗಾಲದಲ್ಲಿ ಅದೂ ಉತ್ತರದ ಕಲ್ಲಿದ್ದಲ ಮಾರ್ಗವೊಂದಕ್ಕೆ ಮಾರಾಟವಾಗಿತ್ತು! ಅದನ್ನು ಉಜ್ಜಿ ಮೊದಲಿನಂತೆ ಮಾಡಲು ಹೋಗದೆ ಹಾಗೆಯೇ ಇಟ್ಟರು. ಓಡುವುದನ್ನು ನೋಡುವ ಆಸೆಗೆ 1979ರಲ್ಲಿ ಬೇರೆ ಪ್ರತಿಕೃತಿ ಮಾಡಿದರು. 1846ರ ‘ಕಾಪರ್‌ನಾಬ್’ ಎಂಬ ಇಂಜಿನ್ನಿನ ಮೈಮೇಲೆ ಎರಡನೆಯ ಮಹಾಯುದ್ಧದ ಬಾಂಬಿನ ಚೂರುಗಳು ಕೊರೆದ ತೂತುಗಳಿವೆ. ಅವನ್ನು ಮುಚ್ಚದೆ ಹಾಗೇ ಉಳಿಸಿದ್ದಾರೆ. ಯುದ್ಧದ ಗಾಯ ಚರಿತ್ರೆಯಾದರೆ ದುಡಿಮೆಯ ಗಾಯ ಏಕಾಗಬಾರದು?

ನನ್ನ ಮಾತಿಗೆ ಬರುವ ಆಕ್ಷೇಪಗಳು ನನಗೆ ಗೊತ್ತಿವೆ. ಓಡದ ಇಂಜಿನ್ ನೋಡಲು ಯಾರು ಬರುತ್ತಾರೆ, ಟಿಕೆಟ್ ಹಣವಿಲ್ಲದೆ ಮಾರ್ಗ ಬದುಕುವುದು ಹೇಗೆ ಎನ್ನುತ್ತಾರೆ. ಇದು ಸುಳ್ಳು ಕಾಳಜಿಯಲ್ಲ. ಬಿಸಿಲು ಮಳೆ ಎನ್ನದೆ ಪುಕ್ಕಟೆ ದುಡಿಯುವ ಸ್ವಯಂಸೇವಕರನ್ನು ಕುರ್ಚಿಯಲ್ಲಿ ಕೂತು ಟೀಕಿಸುವುದು ಸುಲಭ ಎಂಬುದೂ ಸರಿ. ಆದರೆ ಎಲ್ಲ ಇಂಜಿನ್ನುಗಳನ್ನೂ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಓಡುವವು ಓಡಲಿ. ಸ್ಟಾಫರ್ಡ್‌ಶೈರಿನ ಫಾಕ್ಸ್‌ಫೀಲ್ಡ್, ಈಶಾನ್ಯದ ಟಾನ್‌ಫೀಲ್ಡ್ ಮಾರ್ಗಗಳು ಕಡಿದಾದ ಹಳೆಯ ಗಣಿ ಹಳಿಯ ಮೇಲೆ ಗಣಿ ಇಂಜಿನ್ನುಗಳನ್ನೇ ಓಡಿಸಿ ಜನರನ್ನು ಸೆಳೆಯುತ್ತಿವೆ. ದುಡಿಮೆಯ ಕತೆಗೆ ಕೇಳುಗರಿಲ್ಲ ಎಂಬ ವಾದಕ್ಕೆ ಅವೇ ಉತ್ತರ. ನನ್ನ ಪ್ರಶ್ನೆ ಎಂದೂ ಓಡದವುಗಳ ಬಗ್ಗೆ. ಬೆಂಕಿಯಿಲ್ಲದ ಇಂಜಿನ್ ಎಂಬ ಬಗೆಯೊಂದಿದೆ. ಕಿಡಿ ಬಿದ್ದರೆ ಅಪಾಯವಾಗುವ ಕಾಗದ, ರಾಸಾಯನಿಕ, ಮದ್ದುಗುಂಡಿನ ಕಾರ್ಖಾನೆಗಳಿಗಾಗಿ ಅದನ್ನು ಮಾಡಿದ್ದರು. ಕಾರ್ಖಾನೆಯ ದೊಡ್ಡ ಬಾಯ್ಲರಿನಿಂದ ಉಗಿ ತುಂಬಿಸಿಕೊಂಡು ಅದು ಕೆಲವು ಗಂಟೆ ಓಡುತ್ತಿತ್ತು. ಆ ಕಾರ್ಖಾನೆಯೇ ಇಲ್ಲದ ಮೇಲೆ ಅದಕ್ಕೆ ಉಗಿ ಕೊಡುವವರು ಯಾರು? ಅದರ ಮುಂದೆ ಯಾವ ಬೋರ್ಡು ಹಾಕುತ್ತೀರಿ?

ಕಾಲವೂ ಹಳೆಯ ನಂಬಿಕೆಯ ಪರವಾಗಿಲ್ಲ. ಬ್ರಿಟನ್ನಿನ ಕೊನೆಯ ಆಳದ ಕಲ್ಲಿದ್ದಲ ಗಣಿ 2015ರಲ್ಲಿ ಮುಚ್ಚಿತು. ಈ ಇಂಜಿನ್ನುಗಳಿಗೆ ಕಲ್ಲಿದ್ದಲು ಕೊಡುತ್ತಿದ್ದ ವೇಲ್ಸ್‌ನ ಫೋಸ್-ಅ-ವ್ರಾನ್ ತೆರೆದ ಗಣಿ 2023ರಲ್ಲಿ ನಿಂತಿತು. ಈಗ ದೂರದ ದೇಶಗಳಿಂದ ಕಲ್ಲಿದ್ದಲು ತರಿಸಬೇಕು, ಇಲ್ಲವೇ ಬದಲಿ ಇಂಧನ ಹುಡುಕಬೇಕು. ಓಡುವುದೊಂದೇ ಬದುಕು ಎಂದು ನಂಬಿದವರು, ಓಟ ನಿಂತ ದಿನ ಕೈಯಲ್ಲಿ ಏನು ಹಿಡಿದು ನಿಲ್ಲುತ್ತಾರೆ?

ಹಾಗಾದರೆ ಮಾಡಬೇಕಾದದ್ದೇನು? ಮೊದಲನೆಯದು, ಪ್ರಾಮಾಣಿಕವಾದ ವಿಂಗಡಣೆ. ಮುಂದಿನ ಇಪ್ಪತ್ತು ವರ್ಷದಲ್ಲಿ ಯಾವುದು ಓಡಬಲ್ಲದು, ಯಾವುದು ಓಡಲಾರದು ಎಂದು ಪ್ರತಿ ಮಾರ್ಗವೂ ಬಾಯಿಬಿಟ್ಟು ಹೇಳಬೇಕು. ಎರಡನೆಯದು, ಓಡಲಾರದ್ದಕ್ಕೆ ಸೂರು. ಚೆಂದದ ಬಣ್ಣ ಬೇಡ. ನೀರು ನಿಲ್ಲದಂತೆ, ತುಕ್ಕು ಹಬ್ಬದಂತೆ ನೋಡಿಕೊಂಡರೆ ಸಾಕು. ಹಳೆಯ ಬಾಯ್ಲರಿನ ಹೊದಿಕೆಯಲ್ಲಿ ಕಲ್ನಾರು ಇದ್ದರೆ ಅದನ್ನು ಸುರಕ್ಷಿತವಾಗಿ ತೆಗೆಯಲಿ, ತೆಗೆದದ್ದನ್ನು ಬರೆದಿಡಲಿ. ಆ ಧೂಳು ಕುಡಿದವರ ಶ್ವಾಸಕೋಶದ ಕತೆಯೂ ಚರಿತ್ರೆಯೇ. ಮೂರನೆಯದು, ಮಾತು. 1984–85ರ ಗಣಿ ಮುಷ್ಕರದಲ್ಲಿ ಇಪ್ಪತ್ತೈದು ದಾಟಿದ್ದವರಿಗೆ ಈಗ ಅರವತ್ತೈದು ಮೀರಿದೆ. ಉಗಿ ಇಂಜಿನ್ನುಗಳ ಮೇಲೆ ದುಡಿದ ಕೊನೆಯ ಪೀಳಿಗೆ ಅವರದು. ಬಾಯ್ಲರು ಇನ್ನೂ ಹತ್ತು ವರ್ಷ ಕಾಯಬಹುದು, ಅವರು ಕಾಯಲಾರರು. ಒಂದು ಬಾಯ್ಲರಿನ ದುರಸ್ತಿಯ ಹಣದಲ್ಲಿ ನೂರಾರು ಮಂದಿಯ ಮಾತುಗಳನ್ನು ದಾಖಲಿಸಬಹುದು. ಇದು ಖರ್ಚಿನ ಪ್ರಶ್ನೆಯೇ ಅಲ್ಲ.

ಇಷ್ಟು ದೂರದ ತಂಟೆ ಕನ್ನಡದ ಓದುಗರಿಗೇಕೆ ಎಂದು ಕೇಳಬಹುದು. ಆ ಲೀಡ್ಸ್‌ನ ಕಾರ್ಖಾನೆಗಳು ನಮಗೂ ಇಂಜಿನ್ ಕಳಿಸಿದವು. 1997ರಲ್ಲಿ ಮತ್ತೆ ಹಳಿಗಿಳಿದು ಹೆಸರು ಮಾಡಿದ ‘ಫೇರಿ ಕ್ವೀನ್’ 1855ರಲ್ಲಿ ಅಲ್ಲಿಯೇ ಹುಟ್ಟಿದ್ದು. ಅದಕ್ಕಿಂತ ಹೆಚ್ಚಾಗಿ, ಅಲ್ಲಿನ ಆಯ್ಕೆಯ ರೋಗ ನಮ್ಮದೂ ಹೌದು. ನಮ್ಮ ಸ್ಟೇಷನ್ನುಗಳ ಮುಂದೆ ಕಟ್ಟೆ ಕಟ್ಟಿ ಇಂಜಿನ್ ನಿಲ್ಲಿಸುತ್ತೇವೆ, ವರ್ಷಕ್ಕೊಮ್ಮೆ ಬಣ್ಣ ಹೊಡೆಯುತ್ತೇವೆ, ಸೆಲ್ಫಿ ತೆಗೆಯುತ್ತೇವೆ. ಓಡಿಸಿದವರ ಹೆಸರು ಎಲ್ಲಿಯೂ ಇರುವುದಿಲ್ಲ. 2001ರ ಫೆಬ್ರವರಿಯಲ್ಲಿ ಕೆಜಿಎಫ್ ಗಣಿ ಮುಚ್ಚಿತು. ಅಲ್ಲಿ ಉಳಿದ ಯಂತ್ರಗಳಿಗಿಂತ ಸಿನಿಮಾದ ಕೆಜಿಎಫ್ ನಮಗೆ ಹೆಚ್ಚು ಗೊತ್ತು. 1923ರಿಂದ ಕಬ್ಬಿಣ ಕರಗಿಸಿದ ಭದ್ರಾವತಿಯ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರಲ್ಲಿ ಹೊರಬಿದ್ದಾಗ ನೌಕರಿಯ ಬಗ್ಗೆ ಮಾತಾಡಿದೆವು, ಅದು ಸರಿಯೇ. ಅಲ್ಲಿನ ಯಂತ್ರಗಳನ್ನು, ಅವುಗಳ ಜೊತೆ ಮೂರು ತಲೆಮಾರು ಕಲಿತ ಕೈಕಸುಬನ್ನು ಯಾರು ಬರೆದಿಡುತ್ತಾರೆ ಎಂದು ಎಷ್ಟು ಜನ ಕೇಳಿದೆವು?

ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ಬಾಯ್ಲರ್ ದುರಸ್ತಿ ಬಾರದು. ಆದರೆ ಕೇಳುವುದು, ಬರೆದುಕೊಳ್ಳುವುದು, ಪಾಠಾಂತರ ಗುರುತಿಸುವುದು ಬರುತ್ತದೆ. ನಿಮ್ಮ ಊರಿನ ಮುಚ್ಚಿದ ಗಿರಣಿಯಲ್ಲೋ ಸಕ್ಕರೆ ಕಾರ್ಖಾನೆಯಲ್ಲೋ ದುಡಿದ ಹಿರಿಯರೊಬ್ಬರು ಇರುತ್ತಾರೆ. ಈ ರಜೆಯಲ್ಲಿ ಅವರ ಮನೆಗೆ ಹೋಗಿ, ಯಂತ್ರದ ಹೆಸರಿನ ಜೊತೆ ಅವರ ಹೆಸರನ್ನೂ ಬರೆದುಕೊಂಡು ಬನ್ನಿ.